ಬಂಗಿಗೆ ಅಂಗಡಿಯ ಟ್ಯೂಬು ಬೇಡ
(ಆಲೂರಿನ ಪಾಲಕರೆದುರು ಆಡಿದ ಮಾತು)



ಬಿಸಿಲಲ್ಲಿ ಹತ್ತಿ ಬಿಡಿಸುವ ನಿಮ್ಮಲ್ಲಿ ಹಲವರ ಕೆನ್ನೆಗೆ ಬಂಗು ಬಂದಿದೆ. ಕೆಲವರಿಗೆ ಮೂವತ್ತು ದಾಟಿದರೂ ಮೊಡವೆ, ಜಿಡ್ಡು ಮುಖ ತಪ್ಪಿಲ್ಲ. ಬಿಸಿಲು, ಬಸಿರು, ಗರ್ಭನಿರೋಧಕ ಮಾತ್ರೆ, ವಂಶಗುಣ ಇವು ಬಂಗಿಗೆ ಕಾರಣ. ಅಂಟುರೋಗವಲ್ಲ.

ನನಗೆ ಭಯವಿರುವುದು ಅಂಗಡಿಯಲ್ಲಿ ಕೇಳಿ ತರುವ ಟ್ಯೂಬಿನದು. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಲವು ವಾರ ಮುಖ ತಿಳಿಯಾಗುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪೇರಿ, ಮೊಡವೆ ಇಮ್ಮಡಿಸುತ್ತದೆ. ಬಿಟ್ಟರೆ ಉರಿ. ಇಂಥ 14 ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ಆದೇಶಿಸಿದೆ. ಟ್ಯೂಬಿನ ಮೇಲೆ ಕನ್ನಡ ಇರುವುದಿಲ್ಲ. ಮಕ್ಕಳಿಂದ ಇಂಗ್ಲಿಷ್ ಓದಿಸಿ. ಬೀಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್ ಎಂದಿದ್ದರೆ ನೀವಾಗಿ ಮುಖಕ್ಕೆ ಹಚ್ಚಬೇಡಿ.

ಅಜೆಲಾಯಿಕ್ ಆಮ್ಲದ ಮುಲಾಮು ಬಂಗು, ಮೊಡವೆ ಎರಡಕ್ಕೂ ಆಗುತ್ತದೆ. ವೈದ್ಯರು ಬಸುರಿಯರಿಗೂ ಕೊಡುವುದುಂಟು. ಆದರೆ ಬಿಸಿಲು ತಡೆಯದಿದ್ದರೆ ಅದೂ ವ್ಯರ್ಥ. ಹೊಲದಲ್ಲಿ ಮುಖಕ್ಕೆ ಸೆರಗು ಇರಲಿ, ಜಿಡ್ಡು ಚರ್ಮಕ್ಕೆ ಎಣ್ಣೆಯಿಲ್ಲದ ಸನ್‌ಸ್ಕ್ರೀನ್ ಇರಲಿ. ಮುಖಕ್ಕೆ ಕೊಬ್ಬರಿ ಎಣ್ಣೆ, ನಿಂಬೆರಸ ಬೇಡ. ಮೊಡವೆ ಹಿಂಡಿದರೆ ಕಪ್ಪು ಕಲೆ ಉಳಿಯುತ್ತದೆ. ಗುಣ ಕಾಣಲು ಮೂರು ನಾಲ್ಕು ತಿಂಗಳು ಬೇಕು.

ಕರ್ನೂಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮ ವಿಭಾಗವಿದೆ. ತೆಲುಗಿನಲ್ಲಿ ‘ಮಂಗು’ ಎಂದರೆ ಅವರಿಗೆ ತಿಳಿಯುತ್ತದೆ. ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬನ್ನೂ ಕೊಂಡೊಯ್ಯಿರಿ.