ತಾಯಿಯ ಮೂಳೆ, ಮಗುವಿನ ಬಾಳು



ಗರ್ಭಿಣಿಯ ಊಟದಲ್ಲಿ ಇಬ್ಬರ ಪಾಲಿದೆಯೆಂದು ತಾವೆಲ್ಲರೂ ಬಲ್ಲಿರಿ. ಆ ಊಟದಲ್ಲಿ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಸಾಲದೆ ಹೋದರೆ ಮಗುವಿನ ಪಾಲು ಎಲ್ಲಿಂದ ಬರುವುದು? ತಾಯಿಯ ಮೂಳೆಯಿಂದಲೇ ಬರಬೇಕಾಗುವುದು.

ನಮ್ಮ ದೇಹದ ಸುಣ್ಣದಂಶದಲ್ಲಿ ನೂರಕ್ಕೆ 99 ಪಾಲು ಮೂಳೆ ಮತ್ತು ಹಲ್ಲುಗಳಲ್ಲಿದೆ. ಉಳಿದ ಅಲ್ಪ ಪಾಲು ಹೃದಯದ ಬಡಿತಕ್ಕೂ ಸ್ನಾಯುಗಳ ಚಲನೆಗೂ ರಕ್ತವು ಹೆಪ್ಪುಗಟ್ಟುವುದಕ್ಕೂ ಅವಶ್ಯಕ. ರಕ್ತದಲ್ಲಿ ಅದು ಕುಂದದಂತೆ ದೇಹವು ಸದಾ ಎಚ್ಚರ ವಹಿಸುತ್ತದೆ. ಆಹಾರದಿಂದ ದೊರೆಯದಿದ್ದರೆ ಮೂಳೆಯೆಂಬ ಕಣಜದಿಂದ ತೆಗೆದುಕೊಳ್ಳುತ್ತದೆ. ತುಂಬದೆ ತೆಗೆಯುತ್ತಲೇ ಹೋದರೆ ಯಾವ ಕಣಜ ತಾನೇ ಉಳಿದೀತು?

ದಿನತುಂಬಿ ಹುಟ್ಟಿದ ಶಿಶುವಿನ ದೇಹದಲ್ಲಿ ಸುಮಾರು 30 ಗ್ರಾಂ ಸುಣ್ಣದಂಶವಿರುತ್ತದೆ. ಅದರ ಬಹುಪಾಲು ಗರ್ಭದ ಕೊನೆಯ ಮೂರು ತಿಂಗಳುಗಳಲ್ಲಿ ಸೇರುವಂಥದು. 2020ರ ರಾಷ್ಟ್ರೀಯ ಶಿಫಾರಸಿನಂತೆ ಗರ್ಭಿಣಿಗೆ ದಿನಕ್ಕೆ 1000 ಮಿಲಿಗ್ರಾಂ, ಹಾಲೂಡಿಸುವ ತಾಯಿಗೆ 1200 ಮಿಲಿಗ್ರಾಂ ಬೇಕು.

ಇದಕ್ಕಾಗಿ ದೂರ ಹುಡುಕಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಷ್ಟೇ ಅಕ್ಕಿಯಲ್ಲಿ ಇರುವುದು ಹತ್ತರ ಆಸುಪಾಸು. ರಾಗಿಯನ್ನು ಮೊಳಕೆ ಬರಿಸಿ ಬಳಸಿದರೆ ಅದರ ಸಾರ ಮೈಗೆ ಇನ್ನಷ್ಟು ಹತ್ತುವುದು. ಒಂದು ಲೋಟ ಹಾಲು ಅಥವಾ ಮೊಸರು, ನುಗ್ಗೆಸೊಪ್ಪು, ಎಳ್ಳು, ಮುಳ್ಳುಸಹಿತ ತಿನ್ನುವ ಸಣ್ಣ ಮೀನು ಇವೂ ಉತ್ತಮ. ಸುಣ್ಣದಂಶವನ್ನು ದೇಹವು ಹೀರಿಕೊಳ್ಳಲು ‘ಡಿ’ ಜೀವಸತ್ವ ಬೇಕು. ಅದು ಮೈಗೆ ಬಿಸಿಲು ತಾಗಿದಾಗ ಚರ್ಮದಲ್ಲಿ ಉತ್ಪತ್ತಿಯಾಗುವುದು.

ನಾಲ್ಕನೆಯ ತಿಂಗಳಿನಿಂದ ಹೆರಿಗೆಯ ನಂತರ ಆರು ತಿಂಗಳವರೆಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸುಣ್ಣದಂಶದ ಗುಳಿಗೆಗಳನ್ನು ಕೊಡಲಾಗುತ್ತದೆ. ಗರ್ಭಕಾಲದ ರಕ್ತದೊತ್ತಡದ ಅಪಾಯವನ್ನು ತಗ್ಗಿಸುವುದೂ ಅದರ ಉದ್ದೇಶ. ದಿನಕ್ಕೆ ಎರಡು ಗುಳಿಗೆಗಳನ್ನು ಊಟದೊಡನೆ ಸೇವಿಸಿರಿ. ಕಬ್ಬಿಣಾಂಶದ ಗುಳಿಗೆಯನ್ನು ಇದರ ಜೊತೆಗೆ ನುಂಗದೆ, ಊಟವಾಗಿ ಎರಡು ಗಂಟೆಗಳ ನಂತರ ತೆಗೆದುಕೊಳ್ಳಿರಿ. ಒಟ್ಟಿಗೆ ಸೇವಿಸಿದರೆ ಕಬ್ಬಿಣಾಂಶವು ಮೈಗೆ ಸರಿಯಾಗಿ ಹತ್ತದು.

ಹಾಲೂಡಿಸುವಾಗ ತಾಯಿಯ ಮೂಳೆ ಕೊಂಚ ಸವೆಯುವುದು ಸಹಜ. ಹಾಲು ಬಿಡಿಸಿದ ಮೇಲೆ ಅದು ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆ. ಆ ಬಿಡುವು ಆಕೆಗೆ ದೊರೆಯಲೆಂದೂ ಎರಡು ಹೆರಿಗೆಗಳ ನಡುವೆ ಮೂರು ವರ್ಷಗಳ ಅಂತರವಿರಲಿ.

ಹಿರಿಯರಲ್ಲಿ ಒಂದು ಬಿನ್ನಹ. ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುವುದೆಂದು ಬಸುರಿಯ ಊಟವನ್ನು ಕಡಿಮೆ ಮಾಡದಿರಿ. ಬಾಣಂತಿಗೆ ಸೊಪ್ಪು ವರ್ಜ್ಯವೆನ್ನದಿರಿ. ಎಲ್ಲರೂ ಉಂಡ ಮೇಲೆ ಉಳಿದುದು ಸೊಸೆಗೆ ಎಂಬ ವಾಡಿಕೆ ನಿಮ್ಮ ಮನೆಯಲ್ಲಿದ್ದರೆ ಇಂದೇ ಅದನ್ನು ಬಿಡಿರಿ. ಮೊದಲ ಮುದ್ದೆಯೂ ಮೊದಲ ಲೋಟ ಹಾಲೂ ಆಕೆಗಿರಲಿ.