ಮೀನು ಸಾಕುವವರು ಮೊದಲು ನೀರು ಸಾಕಬೇಕು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಾಲೆಯಲ್ಲಿ ಓದಿ ಡಾಕ್ಟರು, ಎಂಜಿನಿಯರು, ಮೇಷ್ಟ್ರು ಆದವರು ಈಗಾಗಲೇ ಮಾತನಾಡಿದ್ದಾರೆ. ನಾನು ತಾಲ್ಲೂಕು ಕೇಂದ್ರದಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟುಕೊಂಡವನು. ನಿನಗೆ ಗೊತ್ತಿರುವುದನ್ನೇ ಹೇಳು ಎಂದು ಸಮಿತಿಯವರು ಅಪ್ಪಣೆ ಕೊಟ್ಟಿದ್ದಾರೆ. ಆದ್ದರಿಂದ ಮೀನಿನ ತೊಟ್ಟಿಯ ನೀರಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಅಂಗಡಿಗೆ ಬರುವ ಎಷ್ಟೋ ಜನರ ದೂರು ಒಂದೇ. "ವಾರವೂ ಆಗಲಿಲ್ಲ, ಎಲ್ಲಾ ಸತ್ತುಹೋದವು. ನಮ್ಮ ಮನೆಗೆ ಮೀನು ಆಗಿಬರುವುದಿಲ್ಲ." ಕೆಲವರು, ಮನೆಗೆ ಬರಬೇಕಾಗಿದ್ದ ಕಂಟಕವನ್ನು ಮೀನು ತಾನು ತೆಗೆದುಕೊಂಡು ಹೋಯಿತು ಎಂದು ಸಮಾಧಾನ ಮಾಡಿಕೊಂಡು ಮತ್ತೆ ನಾಲ್ಕು ಜೊತೆ ಕೊಳ್ಳುತ್ತಾರೆ. ಅದು ನನ್ನ ವ್ಯಾಪಾರಕ್ಕೆ ಲಾಭವೇ. ಆದರೂ ಹೇಳಬೇಕಾದ್ದನ್ನು ಹೇಳಿಯೇ ಕೊಡುತ್ತೇನೆ: ಹೊಸ ತೊಟ್ಟಿಯ ಮೀನು ಸಾಯುವುದು ಕಂಟಕದಿಂದಲ್ಲ, ಬಹುಪಾಲು ತನ್ನದೇ ಹೊಲಸಿನ ವಿಷದಿಂದ.

ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದಾಗ ಮೂಗಿಗೆ ಬಡಿಯುವ ಘಾಟು ನಿಮಗೆಲ್ಲ ಗೊತ್ತು. ಅದು ಅಮೋನಿಯಾ. ಮೀನು ಇದನ್ನು ಮುಖ್ಯವಾಗಿ ಕಿವಿರುಗಳ ಮೂಲಕ ನೀರಿಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಹುಟ್ಟುತ್ತದೆ. ಕೆರೆಯ ಅಪಾರ ನೀರಿನಲ್ಲಿ ಅದು ಲೆಕ್ಕಕ್ಕಿಲ್ಲ. ಗಾಜಿನ ತೊಟ್ಟಿಯಲ್ಲಿ ಹೋಗಲು ಜಾಗವಿಲ್ಲದೆ ಕೂಡುತ್ತಾ ಹೋಗುತ್ತದೆ. ಅದಕ್ಕೆ ಬಣ್ಣವಿಲ್ಲ, ಹಾಗಾಗಿ ಕನ್ನಡಿಯಂತೆ ತಿಳಿಯಾದ ನೀರಿನಲ್ಲೂ ಮೀನು ಸಾಯಬಹುದು.

ಹೈಸ್ಕೂಲಿನಲ್ಲಿ ಓದಿದ ಸಾರಜನಕ ಚಕ್ರವನ್ನು ನೆನಪಿಸಿಕೊಳ್ಳಿ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು ನನಗೆ ಅನ್ನ ಕೊಡುತ್ತಿದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ, ಮೀನಿನ ರಕ್ತ ಕಂದುಬಣ್ಣಕ್ಕೆ ತಿರುಗಿ ಆಮ್ಲಜನಕ ಹೊರಲಾರದೆ ಹೋಗುತ್ತದೆ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಎಷ್ಟೋ ಸೌಮ್ಯ. ನಾವು ಹೊಲಕ್ಕೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಇದೇ ದಾರಿಯಲ್ಲಿ ನೈಟ್ರೇಟ್ ಆಗಿ ಬೆಳೆಯ ಬೇರಿಗೆ ಸೇರುತ್ತದೆ. ಈ ಕೆಲಸ ಮಾಡುವ ಜೀವಿಗಳನ್ನು 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದವರು ರಷ್ಯದ ವಿಜ್ಞಾನಿ ಸೆರ್ಗೈ ವಿನೋಗ್ರಾಡ್‌ಸ್ಕಿ.

ಈ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಫಿಲ್ಟರಿನ ಸ್ಪಾಂಜು, ಜಲ್ಲಿಕಲ್ಲು, ಗಾಜಿಗೆ ಅಂಟಿಕೊಂಡು ಬದುಕುತ್ತವೆ. ಬಹಳ ನಿಧಾನವಾಗಿ ಬೆಳೆಯುತ್ತವೆ. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟಾಗಲು 4ರಿಂದ 6 ವಾರ ಬೇಕು. ನಮ್ಮ ಬ್ಯಾಚಿನವರು ವಿಜ್ಞಾನ ಕೊಠಡಿಗೆ ಕೊಟ್ಟ ತೊಟ್ಟಿಯಲ್ಲಿ ನೀರಿದೆ, ಗಿಡವಿದೆ, ಗುಳ್ಳೆ ಏಳುತ್ತಿದೆ, ಮೀನು ಮಾತ್ರ ಇಲ್ಲ. ಉದ್ಘಾಟನೆಗೆ ಖಾಲಿ ತೊಟ್ಟಿಯೇ ಎಂದು ಕೆಲವರು ನಕ್ಕರು. ಮಕ್ಕಳೇ, ಅದು ಖಾಲಿಯಲ್ಲ. ನನ್ನ ಅಂಗಡಿಯ ರೋಗವಿಲ್ಲದ ಹಳೆಯ ತೊಟ್ಟಿಯಿಂದ ಒಂದು ತುಂಡು ಸ್ಪಾಂಜು ತಂದು ಅದರಲ್ಲಿ ಹಾಕಿದ್ದೇನೆ. ಹಾಲಿಗೆ ಹೆಪ್ಪು ಹಾಕಿದಂತೆ. ದಿನಾ ಒಂದು ಚಿಟಿಕೆ ಆಹಾರ ಹಾಕಿ. ಅದು ಕೊಳೆತು ಬರುವ ಅಮೋನಿಯಾ ಬ್ಯಾಕ್ಟೀರಿಯಾಗಳಿಗೆ ಊಟ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿ, ನೈಟ್ರೇಟ್ ಕಾಣಿಸಿಕೊಂಡ ಮೇಲೆ ನಾಲ್ಕೈದು ಗಪ್ಪಿ ಬಿಡೋಣ. ಉಳಿದವು ಆಮೇಲೆ.

ಇನ್ನು ವಾರದ ಕೆಲಸ. ತೊಟ್ಟಿ 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರ. ಗುಣಿಸಿ 1000ದಿಂದ ಭಾಗಿಸಿದರೆ 54 ಲೀಟರ್. ಜಲ್ಲಿ, ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 45. ವಾರಕ್ಕೊಮ್ಮೆ ಅದರಲ್ಲಿ ಕಾಲು ಭಾಗ, ಅಂದರೆ ಒಂದು ಸಣ್ಣ ಕೊಡದಷ್ಟು ನೀರು ತೆಗೆದು ಹೊಸದು ತುಂಬಿ. ಕೂಡಿದ ನೈಟ್ರೇಟ್ ಕಡಿಮೆಯಾಗುವುದು ಹೀಗೆ. ತೆಗೆದ ನೀರನ್ನು ಚೆಲ್ಲಬೇಡಿ, ದಾಸವಾಳಕ್ಕೋ ಕರಿಬೇವಿಗೋ ಹಾಕಿ. ಗೊಬ್ಬರದ ನೀರು ಅದು.

ಹಬ್ಬ ಬಂತೆಂದು ತೊಟ್ಟಿ ಬರಿದು ಮಾಡಿ, ಸೋಪು ಹಾಕಿ ತಿಕ್ಕಿ ಫಳಫಳ ಮಾಡುವವರಿದ್ದಾರೆ. ಮೂರನೆಯ ದಿನ ಮೀನು ತೇಲುತ್ತದೆ. ಹೊಲಸಿನ ಜೊತೆ ಹೆಪ್ಪನ್ನೂ ತೊಳೆದಂತಾಯಿತಲ್ಲ! ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ. ಪಂಚಾಯ್ತಿ ನೀರಿಗೆ ಹಾಕುವ ಬ್ಲೀಚಿಂಗ್ ಪುಡಿ ರೋಗಾಣುವನ್ನು ಕೊಂದಂತೆ ಇವನ್ನೂ ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ಹಾಕಿ.

ಹೊಸ ನೀರು ನಲ್ಲಿಯದಾದರೆ ಬಾಯಿ ಅಗಲದ ಬಕೆಟ್ಟಿನಲ್ಲಿ ಒಂದೆರಡು ದಿನ ತೆರೆದಿಡಿ, ಕ್ಲೋರಿನ್ ಹೋಗಲಿ. ಬೋರ್‌ವೆಲ್ ನೀರನ್ನೂ ರಾತ್ರಿಯಿಡೀ ಇಟ್ಟು, ಬಿಸಿ ತಣ್ಣಗೆ ಸಮ ಆದಮೇಲೆ ಹಾಕಿ. ಶುದ್ಧ ನೀರಿನ ಘಟಕದ ಕ್ಯಾನ್ ನೀರು ಒಳ್ಳೆಯದಲ್ಲವೇ ಎಂದು ಕೇಳುತ್ತಾರೆ. ಅದರಲ್ಲಿ ಲವಣ ತೀರ ಕಡಿಮೆ. ಬರೀ ಅದನ್ನೇ ತುಂಬಿದರೆ ಪಿಎಚ್ ಸ್ಥಿರವಾಗಿ ನಿಲ್ಲುವುದಿಲ್ಲ. ಗಪ್ಪಿ, ಮೋಲಿಗಳಿಗೆ ನಮ್ಮ ಗಡಸು ನೀರೇ ಸೈ.

ಊಟ ಎರಡು ನಿಮಿಷದಲ್ಲಿ ಮುಗಿಯುವಷ್ಟು. ವಾರಕ್ಕೊಂದು ದಿನ ಉಪವಾಸ ಇಟ್ಟರೂ ತೊಂದರೆಯಿಲ್ಲ. ಮನೆಯಲ್ಲಿ ಅಜ್ಜಿ ಒಮ್ಮೆ, ಮೊಮ್ಮಗ ಒಮ್ಮೆ, ಬಂದ ನೆಂಟರು ಒಮ್ಮೆ ಹಾಕಿದರೆ ಪ್ರೀತಿಯೇ ವಿಷವಾಗುತ್ತದೆ. ಬೇಸಿಗೆಯಲ್ಲಿ ಇನ್ನೂ ಎಚ್ಚರ ಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಅಮೋನಿಯಾದ ವಿಷ ಹೆಚ್ಚು. ಕರೆಂಟು ಹೋಗಿ ಪಂಪು ನಿಂತಾಗ ಮೀನು ಮೇಲೆ ಬಂದು ಬಾಯಿ ಆಡಿಸಿದರೆ, ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಸ್ವಲ್ಪ ಮೇಲಿನಿಂದ ಹೊಯ್ಯುತ್ತಿರಿ. ಗಾಳಿ ಸೇರುತ್ತದೆ.

ಕೊನೆಯದಾಗಿ ಊರಿನವರೆಲ್ಲರಲ್ಲಿ ಒಂದು ಬೇಡಿಕೆ. ಸಾಕಲಾಗದ ಮೀನನ್ನು ಪುಣ್ಯ ಬರಲಿ ಎಂದು ಕೆರೆಗೆ ಬಿಡಬೇಡಿ. ಪಾಚಿ ತಿನ್ನಲೆಂದು ಮಾರುವ, ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನು ಹೀಗೆಯೇ ದೇಶದ ಹಲವು ಕೆರೆ ನದಿ ಸೇರಿ, ಅಲ್ಲಿನ ಮೀನಿಗೆ ಕಂಟಕವಾಗಿದೆ. ಬೇಡವಾದರೆ ಯಾರ ಅಂಗಡಿಯಲ್ಲಿ ಕೊಂಡಿರೋ ಅಲ್ಲಿಗೇ ತಂದುಕೊಡಿ. ನನ್ನ ಅಂಗಡಿಗೆ ತಂದರೆ ಖಂಡಿತ ಬೇಡ ಎನ್ನುವುದಿಲ್ಲ.

ಮೀನು ತನ್ನ ನೀರನ್ನು ತಾನೇ ಬದಲಿಸಿಕೊಳ್ಳಲಾರದು. ತೊಟ್ಟಿಯ ಮುಂದೆ ಕುಳಿತಾಗ ಮೀನಿನ ಬಣ್ಣದ ಜೊತೆಗೆ ನೀರಿನ ಲೆಕ್ಕವನ್ನೂ ನೋಡುವ ಮಕ್ಕಳು ಈ ಶಾಲೆಯಲ್ಲಿ ತಯಾರಾಗಲಿ. ನಾಳೆ ಊರ ಕೆರೆಯ ನೀರು ಕೆಟ್ಟಾಗ ಏಕೆ ಎಂದು ಕೇಳುವವರು ಅವರೇ.