ಅಂಬಾರಿ ಇಳಿದ ಅರಸರು, ಕಿರುತೆರೆ ಏರಿದ ಅರಸರು

(ದೊಡ್ಡನೆಕ್ಕುಂದಿಯಲ್ಲಿ ನಡೆದ ಓದುಗರ ಸಭೆಯೊಂದರಲ್ಲಿ ನಮ್ಮ ಸಿಬ್ಬಂದಿ ವರದಿಗಾರರು ಮಾಡಿದ ಭಾಷಣದ ಪಠ್ಯ)



ಮೈಸೂರು ದಸರಾ ಎಂದೊಡನೆ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ಏನೇ ಹೇಳಿ, ಮಹಾರಾಜರ ಕಾಲದ ವೈಭವವೇ ಬೇರೆ’ ಎನ್ನುವವರು ಒಂದು ಕಡೆ. ‘ರಾಜರ ಆಳ್ವಿಕೆ ಹೋಗಿ ಎಷ್ಟೋ ವರ್ಷವಾಯಿತು, ಈ ದರ್ಬಾರು ಇನ್ನೂ ಏಕೆ?’ ಎಂದು ಕೇಳುವವರು ಇನ್ನೊಂದು ಕಡೆ. ವಿಶೇಷವೆಂದರೆ, ಇಬ್ಬರೂ ವಿಜಯದಶಮಿಯ ಮಧ್ಯಾಹ್ನ ಟಿ.ವಿ. ಮುಂದೆ ಕುಳಿತು ಅದೇ ಜಂಬೂಸವಾರಿಯನ್ನು ನೋಡುತ್ತಾರೆ. ನೋಡಿದ್ದು ಒಂದೇ ಆದರೂ ಮಾತು ಬೇರೆಯಾಗುವುದೇಕೆ, ಅವರು ನೋಡುತ್ತಿರುವುದಾದರೂ ಯಾರ ಉತ್ಸವವನ್ನು, ಎಂಬುದನ್ನು ಈ ಹೊತ್ತು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಈ ಪ್ರಶ್ನೆ ಮೈಸೂರಿನವರಿಗಷ್ಟೇ ಸೇರಿದ್ದಲ್ಲ. ನಮ್ಮ ಈ ಭಾಗಕ್ಕೆ ಒಂದು ಕಾಲದಲ್ಲಿ ಇಬ್ಬರು ಅರಸರಿದ್ದರು. ದೊಡ್ಡನೆಕ್ಕುಂದಿ ಮೈಸೂರು ಸಂಸ್ಥಾನದ ಹಳ್ಳಿ. ಇಲ್ಲಿಂದ ಪಶ್ಚಿಮಕ್ಕೆ ಕೆಲವು ಮೈಲಿ ನಡೆದರೆ ದಂಡು. ಹಲಸೂರು, ಇಂದಿನ ಶಿವಾಜಿನಗರ ಇವೆಲ್ಲ 1881ರಿಂದ 1947ರವರೆಗೆ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿದ್ದವು. ಅಲ್ಲಿ ನಡೆಯುತ್ತಿದ್ದುದು ಲಂಡನ್ನಿನ ಅರಸರ ಉತ್ಸವ, ಇಲ್ಲಿಯವರದು ಮೈಸೂರಿನ ದಸರಾ. ಕಬ್ಬನ್ ಉದ್ಯಾನದಲ್ಲಿ ಇಂದಿಗೂ ವಿಕ್ಟೋರಿಯಾ ರಾಣಿಯ ಪ್ರತಿಮೆಯೂ ಇದೆ, ಚಾಮರಾಜೇಂದ್ರ ಒಡೆಯರ ಪ್ರತಿಮೆಯೂ ಇದೆ. ಎರಡು ಸಿಂಹಾಸನಗಳ ನೆರಳಿನಲ್ಲಿ ಬಾಳಿದ ಸೀಮೆ ಇದು. ಈಗ ವರ್ತುಲ ರಸ್ತೆಯ ಕಚೇರಿಗಳಿಗಾಗಿ ಎಲ್ಲ ರಾಜ್ಯಗಳಿಂದ ಬಂದು ಇಲ್ಲಿ ನೆಲೆಸಿದವರಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ದಸರಾ ಎಂದರೆ ಪರದೆಯ ಮೇಲೆ ಕಂಡಷ್ಟೇ.

ಒಂದರೊಳಗೆ ಎರಡು ದಸರಾ

ವಿಜಯನಗರದ ಮಹಾನವಮಿಯ ಪರಂಪರೆಯನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ದರ್ಬಾರು ಅದರ ಮುಖ್ಯ ಭಾಗವಾಯಿತು. ಅಂಬಾರಿಯಲ್ಲಿ ಅರಸರೇ ಕುಳಿತು ಬರುತ್ತಿದ್ದರು. ಆ ಮೆರವಣಿಗೆಗೆ ಒಂದು ಸ್ಪಷ್ಟ ಅರ್ಥವಿತ್ತು: ಪ್ರಜೆಗಳು ತಮ್ಮನ್ನು ಆಳುವವರನ್ನು ಕಣ್ಣಾರೆ ಕಾಣುವ ದಿನ ಅದು.

ಸ್ವಾತಂತ್ರ್ಯ ಬಂದ ಮೇಲೆ ಆ ಅರ್ಥ ಸಡಿಲವಾಯಿತು. ಜಯಚಾಮರಾಜ ಒಡೆಯರು ರಾಜಪ್ರಮುಖರಾದರು, ಅನಂತರ ರಾಜ್ಯಪಾಲರಾದರು. 1971ರಲ್ಲಿ ಸಂವಿಧಾನಕ್ಕೆ 26ನೇ ತಿದ್ದುಪಡಿ ಬಂದು ಮಾಜಿ ಅರಸರ ಮಾನ್ಯತೆಯೂ ರಾಜಧನವೂ ರದ್ದಾದವು. ಮೈಸೂರಿಗೆ ಸಲ್ಲುತ್ತಿದ್ದ ರಾಜಧನ ವರ್ಷಕ್ಕೆ 26 ಲಕ್ಷ ರೂಪಾಯಿ. ಆ ಬದಲಾವಣೆಯ ಬಳಿಕ ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿಯಲ್ಲಿ ಅರಸರ ಬದಲಿಗೆ ತಾಯಿ ಚಾಮುಂಡೇಶ್ವರಿಯನ್ನು ಕೂರಿಸಿ ಸರ್ಕಾರವೇ ಉತ್ಸವವನ್ನು ನಾಡಹಬ್ಬವಾಗಿ ನಡೆಸತೊಡಗಿತು. ಈಗ ಅರಮನೆಯ ಮುಂದೆ ಅಂಬಾರಿಗೆ ಪುಷ್ಪಾರ್ಚನೆ ಮಾಡುವವರು ಮುಖ್ಯಮಂತ್ರಿ. ಆ ಹೊತ್ತಿಗೆ ರಾಷ್ಟ್ರಗೀತೆ ಮೊಳಗುತ್ತದೆ, 21 ಕುಶಾಲತೋಪು ಹಾರುತ್ತದೆ.

ಅರಮನೆಯೊಳಗಿನ ಪೂಜೆ ಮಾತ್ರ ನಿಲ್ಲಲಿಲ್ಲ. ಸಿಂಹಾಸನ ಜೋಡಣೆ, ಖಾಸಗಿ ದರ್ಬಾರು, ಆಯುಧಪೂಜೆ ಇವು ರಾಜಮನೆತನದ ಮನೆಯ ಆಚರಣೆಯಾಗಿ ಉಳಿದವು. ಹೀಗೆ 1971ರ ನಂತರ ದಸರಾ ಒಂದಲ್ಲ, ಎರಡು. ಒಂದು ಒಂದು ಕುಟುಂಬದ್ದು, ಇನ್ನೊಂದು ಸರ್ಕಾರದ್ದು, ಅಂದರೆ ತೆರಿಗೆ ಕೊಡುವ ನಮ್ಮೆಲ್ಲರದ್ದು. ಇವೆರಡರ ನಡುವಿನ ಗೆರೆ ಕಾನೂನಿನಲ್ಲಿ ಸ್ಪಷ್ಟವಾಗಿದೆ. ಟಿ.ವಿ. ಪರದೆಯ ಮೇಲೆ ಅದು ಕಾಣುವುದಿಲ್ಲ. ಬೆಳಿಗ್ಗೆ ಖಾಸಗಿ ದರ್ಬಾರಿನ ದೃಶ್ಯ, ಮಧ್ಯಾಹ್ನ ಜಂಬೂಸವಾರಿ, ಎರಡಕ್ಕೂ ಅದೇ ನಿರೂಪಕರು, ಅದೇ ಹಿನ್ನೆಲೆ ಸಂಗೀತ. ಅಂಬಾರಿಯಿಂದ ಇಳಿದ ಅರಸರನ್ನು ಕ್ಯಾಮೆರಾ ಮತ್ತೆ ಮೇಲಕ್ಕೇರಿಸಿದೆ ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಕ್ಯಾಮೆರಾ ತಂದ ಬದಲಾವಣೆ

ಅರಸೊತ್ತಿಗೆಗೂ ಕ್ಯಾಮೆರಾಕ್ಕೂ ನಂಟು ಹಳೆಯದು. 1911ರ ಡಿಸೆಂಬರಿನಲ್ಲಿ ಐದನೇ ಜಾರ್ಜ್ ದೊರೆಗಾಗಿ ದೆಹಲಿ ದರ್ಬಾರು ನಡೆದಾಗ ಅದನ್ನು ಚಲನಚಿತ್ರವಾಗಿ ಸೆರೆಹಿಡಿಯಲಾಯಿತು. ಬರೋಡದ ಸಯ್ಯಾಜಿರಾವ್ ಗಾಯಕವಾಡರು ದೊರೆಯ ಮುಂದೆ ಸರಿಯಾಗಿ ಬಾಗಲಿಲ್ಲ, ಬೆನ್ನು ತೋರಿಸಿ ಹೊರಟರು ಎಂಬ ದೂರೆದ್ದಿತು. ದರ್ಬಾರಿನಲ್ಲಿದ್ದವರ ಕಣ್ಣಿಗಷ್ಟೇ ಬಿದ್ದಿದ್ದರೆ ಅದು ನಾಲ್ಕು ಜನರ ಪಿಸುಮಾತಾಗಿ ಮುಗಿಯುತ್ತಿತ್ತು. ಆ ದೃಶ್ಯ ಇಂಗ್ಲೆಂಡಿನ ಚಿತ್ರಮಂದಿರಗಳಲ್ಲಿ ಓಡಿದ್ದರಿಂದ ದೊಡ್ಡ ಗುಲ್ಲೇ ಎದ್ದಿತು. ಮೈಸೂರಿನಲ್ಲಿ ಜಂಬೂಸವಾರಿ ಸಾಗುವ ಸಯ್ಯಾಜಿರಾವ್ ರಸ್ತೆಗೆ ಇದೇ ಗಾಯಕವಾಡರ ಹೆಸರಿರುವುದನ್ನು ಇಲ್ಲಿ ನೆನೆಯಬಹುದು.

ಟೆಲಿವಿಷನ್ನಿಗೆ ತಿರುವು ಕೊಟ್ಟದ್ದು 1953ರ ಜೂನ್ 2ರಂದು ನಡೆದ ಎರಡನೇ ಎಲಿಜಬೆತ್ ರಾಣಿಯ ಪಟ್ಟಾಭಿಷೇಕ. ಕ್ಯಾಮೆರಾ ಒಳಗೆ ಬಂದರೆ ಆಚರಣೆಯ ಗಾಂಭೀರ್ಯ ಕೆಡುತ್ತದೆ ಎಂದು ಅಲ್ಲಿನ ಮಂತ್ರಿಗಳೂ ಧರ್ಮಗುರುಗಳೂ ಹಿಂಜರಿದಿದ್ದರು. ಕೊನೆಗೆ ಅವಕಾಶ ಸಿಕ್ಕಿ ಬ್ರಿಟನ್ನಿನಲ್ಲೇ ಸುಮಾರು 2 ಕೋಟಿ ಜನ ನೋಡಿದರು. ಟಿ.ವಿ. ಇದ್ದವರ ಮನೆಯಲ್ಲಿ ನೆರೆಹೊರೆಯವರೆಲ್ಲ ಸೇರಿದರು. ಆದರೂ ರಾಣಿಗೆ ಪವಿತ್ರ ತೈಲ ಲೇಪಿಸುವ ಗಳಿಗೆಯನ್ನು ತೋರಿಸಲಿಲ್ಲ. 2023ರ ಮೇ 6ರಂದು ಮೂರನೇ ಚಾರ್ಲ್ಸ್ ದೊರೆಗೆ ಪಟ್ಟವಾದಾಗಲೂ ಅಷ್ಟು ಭಾಗವನ್ನು ತೆರೆಯ ಮರೆಯಲ್ಲೇ ನಡೆಸಿದರು. ಅದೇ ದಿನ ಲಂಡನ್ನಿನ ಬೀದಿಯಲ್ಲಿ ‘ಈತ ನನ್ನ ದೊರೆಯಲ್ಲ’ ಎಂಬ ಫಲಕ ಹಿಡಿದವರೂ ಇದ್ದರು. ಅವರಲ್ಲಿ ಕೆಲವರನ್ನು ಪೊಲೀಸರು ಬಂಧಿಸಿದ್ದು ಟೀಕೆಗೆ ಗುರಿಯಾಯಿತು.

ನಮ್ಮಲ್ಲಿ ಮೊದಲು ದಸರೆಯನ್ನು ದೂರದ ಊರುಗಳಿಗೆ ಮುಟ್ಟಿಸಿದ್ದು ರೇಡಿಯೋ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಕೇಂದ್ರವೇ ಮೈಸೂರು ಆಕಾಶವಾಣಿಯಾಗಿ ಬೆಳೆಯಿತು. ಅದರ ದಸರಾ ವೀಕ್ಷಕ ವಿವರಣೆ ಕೇಳಿ ಬೆಳೆದವರು ನಿಮ್ಮಲ್ಲೇ ಇರಬಹುದು. ರೇಡಿಯೋದವರು ಆನೆಯ ಹೆಸರು, ಸ್ತಬ್ಧಚಿತ್ರದ ಜಿಲ್ಲೆ, ಜನರ ಕೂಗು ಎಲ್ಲವನ್ನೂ ಮಾತಿನಲ್ಲೇ ಹೇಳಬೇಕಿತ್ತು. ಹೀಗಾಗಿ ಬೀದಿಯೂ ಮನೆಯೊಳಕ್ಕೆ ಬರುತ್ತಿತ್ತು. ಅನಂತರ ದೂರದರ್ಶನ ಬಂತು, ಖಾಸಗಿ ಸುದ್ದಿವಾಹಿನಿಗಳೂ ಬಂದವು. ದಿನದ 24 ಗಂಟೆ ತುಂಬಿಸಬೇಕಾದ ವಾಹಿನಿಗೆ ಮೆರವಣಿಗೆಗಿಂತ ಕುಟುಂಬದ ಕಥೆಯೇ ಅನುಕೂಲ.

2015ರಿಂದ 2017ರವರೆಗಿನ ಮೂರು ವರ್ಷ ಇದಕ್ಕೆ ಸಾಕ್ಷಿ. ಶ್ರೀಕಂಠದತ್ತ ನರಸಿಂಹರಾಜ ಒಡೆಯರು 2013ರ ಡಿಸೆಂಬರ್ 10ರಂದು ನಿಧನರಾದರು. 2015ರ ಫೆಬ್ರುವರಿಯಲ್ಲಿ ಯದುವೀರರ ದತ್ತು ಸ್ವೀಕಾರ, ಮೇ 28ರಂದು ಪಟ್ಟಾಭಿಷೇಕ, 2016ರ ಜೂನ್ 27ರಂದು ರಾಜಸ್ತಾನದ ಡುಂಗರ್‌ಪುರ ಮನೆತನದ ತ್ರಿಷಿಕಾ ಕುಮಾರಿಯವರೊಡನೆ ಮದುವೆ. ಅರಮನೆ ನಾಲ್ಕು ದಶಕಗಳ ಬಳಿಕ ಕಂಡ ರಾಜವಿವಾಹ ಅದು. 2017ರ ಡಿಸೆಂಬರಿನಲ್ಲಿ ಮಗು ಹುಟ್ಟಿತು. ‘ಮಹಾರಾಜ’, ‘ಯುವರಾಣಿ’ ಎಂಬ ಮಾತುಗಳು ಯಾವ ವಿವರಣೆಯೂ ಇಲ್ಲದೆ ಸುದ್ದಿಯಲ್ಲಿ ಓಡಾಡಿದವು. ಮಗು ಹುಟ್ಟಿದಾಗ ತಲಕಾಡಿನ ಅಲಮೇಲಮ್ಮನ ಶಾಪ ನೀಗಿತೇ ಎಂಬ ಚರ್ಚೆ ಶುರುವಾಯಿತು. ಕೇಳಿದವರಿಗೆ ಈ ಮನೆತನದಲ್ಲಿ ಮಕ್ಕಳೇ ಹುಟ್ಟಿರಲಿಲ್ಲವೇನೋ ಎನ್ನಿಸುವಂತಿತ್ತು. ನಾಲ್ವಡಿಯವರು ಚಾಮರಾಜೇಂದ್ರ ಒಡೆಯರ ಸ್ವಂತ ಮಗ. ಶ್ರೀಕಂಠದತ್ತರು ಜಯಚಾಮರಾಜರ ಸ್ವಂತ ಮಗ. ಒಳ್ಳೆಯ ಐತಿಹ್ಯವೊಂದನ್ನು ಐತಿಹ್ಯವೆಂದೇ ಹೇಳಿದ್ದರೆ ಅದರ ಸೊಗಸು ಕಡಿಮೆಯಾಗುತ್ತಿರಲಿಲ್ಲ.

ಜನರ ಮನಸ್ಸಿನ ಲೆಕ್ಕ

ಹಾಗಾದರೆ ಮೆಚ್ಚಿ ನೋಡಿದ ಜನರೆಲ್ಲ ರಾಜರ ಆಳ್ವಿಕೆ ಮರಳಿ ಬರಲಿ ಎಂದು ಬಯಸುವವರೇ? ಖಂಡಿತ ಅಲ್ಲ. ಮೆಚ್ಚುಗೆಯ ಬೇರು ಬೇರೆ ಕಡೆ ಇದೆ. ಶಿವನಸಮುದ್ರದ ವಿದ್ಯುತ್ತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂದ ದೀಪ, 1916ರ ಮೈಸೂರು ವಿಶ್ವವಿದ್ಯಾನಿಲಯ, ಮಿಲ್ಲರ್ ಸಮಿತಿಯ ವರದಿಯ ಮೇಲೆ ಹಿಂದುಳಿದವರಿಗೆ ಸಿಕ್ಕ ಮೀಸಲಾತಿ, ಕನ್ನಂಬಾಡಿ ಕಟ್ಟೆ, ಇವೆಲ್ಲ ನಾಲ್ವಡಿಯವರ ಕಾಲದವು. ಮಂಡ್ಯದ ರೈತರ ಮನೆಯ ಗೋಡೆಯ ಮೇಲೆ ನಾಲ್ವಡಿಯವರ ಪಟವಿದ್ದರೆ ಅದು ನೀರಿನ ಋಣ, ಸಿಂಹಾಸನದ ಭಕ್ತಿಯಲ್ಲ. ಧಾರವಾಡ, ಕಲಬುರ್ಗಿ, ಮಂಗಳೂರಿನ ಕಡೆಯವರಿಗೆ ಆ ಋಣದ ನೆನಪಿಲ್ಲ. ಅವರ ಸೀಮೆ ಬೇರೆ ಆಡಳಿತಗಳಲ್ಲಿದ್ದದ್ದು. ಹೀಗಾಗಿ ಅವರ ಪ್ರತಿಕ್ರಿಯೆಯೂ ಬೇರೆ. ಇದನ್ನು ತಪ್ಪೆನ್ನಲಾಗದು.

ಇದೇ ಸಂಸ್ಥಾನದ ಪ್ರಜೆಗಳು ಅರಮನೆಯನ್ನು ಎದುರಿಸಿಯೂ ನಿಂತವರು. 1938ರಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು, ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ದೇಶ ಸ್ವತಂತ್ರವಾದ ಮೇಲೂ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆಸಿ, 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬರುವಂತೆ ಮಾಡಿದರು.

ಮತಪೆಟ್ಟಿಗೆಯ ಲೆಕ್ಕ ಇನ್ನೂ ಸ್ಪಷ್ಟ. ಶ್ರೀಕಂಠದತ್ತ ಒಡೆಯರು ಮೈಸೂರಿನಿಂದ ನಾಲ್ಕು ಬಾರಿ ಲೋಕಸಭೆಗೆ ಗೆದ್ದರು. 1991ರಲ್ಲಿ ಅದೇ ಮೈಸೂರು ಅವರನ್ನು ಸೋಲಿಸಿ ಚಂದ್ರಪ್ರಭಾ ಅರಸು ಅವರನ್ನು ಆರಿಸಿತು. 2004ರಲ್ಲಿ ಮತ್ತೆ ಸೋಲಿಸಿತು. ಯದುವೀರರು 2024ರಲ್ಲಿ ಮೈಸೂರಿನ ಸಂಸದರಾದದ್ದೂ ಬೀದಿ ಬೀದಿ ಸುತ್ತಿ ಮತ ಕೇಳಿದ ಮೇಲೆಯೇ. ದಸರೆಯಲ್ಲಿ ಕೈಮುಗಿಯುವ ಜನ ಚುನಾವಣೆಯಲ್ಲಿ ಪಕ್ಷ ನೋಡಿ, ಕೆಲಸ ನೋಡಿ ತೂಗುತ್ತಾರೆ. ಗೌರವ ಬೇರೆ, ಅಧಿಕಾರ ಬೇರೆ ಎಂಬುದು ನಿರೂಪಕರಿಗಿಂತ ನೋಡುಗರಿಗೇ ಚೆನ್ನಾಗಿ ಗೊತ್ತಿದೆ.

ಪರದೆಯ ಅಂಚಿನಲ್ಲಿ ಉಳಿದವರು

ಹೀಗಿದ್ದ ಮೇಲೆ ಆತಂಕವೇಕೆ ಎಂದು ನೀವು ಕೇಳಬಹುದು. ಪರದೆ ಕುಟುಂಬದ ಕಥೆಗೆ ಒಲಿದಷ್ಟೂ ಉತ್ಸವವನ್ನು ನಿಜವಾಗಿ ಹೊತ್ತವರು ಅಂಚಿಗೆ ಸರಿಯುತ್ತಾರೆ. ಆನೆಗಳು ನಾಗರಹೊಳೆ, ಕೊಡಗಿನ ಕಡೆಯ ಶಿಬಿರಗಳಿಂದ ಬರುತ್ತವೆ. ಜೊತೆಗೆ ಮಾವುತರೂ ಕಾವಾಡಿಗಳೂ ಹೆಂಡತಿ ಮಕ್ಕಳ ಸಮೇತ ಬಂದು ವಾರಗಟ್ಟಲೆ ಅರಮನೆಯ ಆವರಣದಲ್ಲಿ ಬಿಡಾರ ಹೂಡುತ್ತಾರೆ. ಅವರ ಮಕ್ಕಳಿಗಾಗಿ ಅಲ್ಲೇ ತಾತ್ಕಾಲಿಕ ಶಾಲೆ ನಡೆಯುತ್ತದೆ. ಅವರಲ್ಲಿ ಜೇನುಕುರುಬರು ಹಲವರು. ಅದೇ ಸಮುದಾಯದ ಎಷ್ಟೋ ಕುಟುಂಬಗಳು ಅಭಯಾರಣ್ಯದ ಹೆಸರಿನಲ್ಲಿ ಕಾಡಿನಿಂದ ಹೊರಬಿದ್ದಿವೆ. ಆನೆಯ ಕತ್ತಿನ ಮೇಲೆ ಕುಳಿತ ಮಾವುತ ನೇರ ಪ್ರಸಾರದುದ್ದಕ್ಕೂ ಕಣ್ಣಿಗೆ ಬೀಳುತ್ತಾನೆ, ಅವನ ಈ ಕಥೆ ಮಾತ್ರ ಅಪರೂಪಕ್ಕೆ ಕೇಳಿಸುತ್ತದೆ.

ಜನರ ಪ್ರೀತಿಗೆ ಕಿರೀಟವೇ ಬೇಕೆಂದಿಲ್ಲ. 2012ರಿಂದ 2019ರವರೆಗೆ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರದ ಕಡೆ ಕಾಡಾನೆಯೊಡನೆ ಕಾದಾಡಿ ಸತ್ತಾಗ ನಾಡಿನಲ್ಲಿ ಎದ್ದ ಸಂಕಟ ನೆನಪಿಸಿಕೊಳ್ಳಿ. ಮಾವುತರು ಗೋಳಾಡಿದರು. ಸ್ಮಾರಕ ಬೇಕೆಂದು ಜನ ಒತ್ತಾಯಿಸಿದರು. ವಯಸ್ಸಾದ ಆನೆಯನ್ನು ಆ ಕಾರ್ಯಾಚರಣೆಗೆ ಕಳಿಸಿದ್ದೇಕೆ ಎಂದು ಅರಣ್ಯ ಇಲಾಖೆಯನ್ನು ಪ್ರಶ್ನಿಸಿದರು. ಅರ್ಜುನನನ್ನು ನಮ್ಮವನನ್ನಾಗಿ ಮಾಡಿದ್ದೂ ಟಿ.ವಿ.ಯೇ ಎಂಬುದನ್ನು ಒಪ್ಪಬೇಕು. ಕ್ಯಾಮೆರಾ ಯಾರ ಕಡೆ ತಿರುಗುತ್ತದೋ ಅವರಿಗಾಗಿ ಜನ ಮಿಡಿಯುತ್ತಾರೆ. ಆದ್ದರಿಂದಲೇ ಅದು ಎತ್ತ ತಿರುಗುತ್ತದೆ ಎಂಬುದು ದೊಡ್ಡ ಪ್ರಶ್ನೆ.

2020ರಲ್ಲಿ ಕೊರೊನಾ ಬಂದು ಜಂಬೂಸವಾರಿ ಅರಮನೆಯ ಆವರಣಕ್ಕೇ ಸೀಮಿತವಾಯಿತು. 300 ಜನರಿಗಷ್ಟೇ ಅವಕಾಶ. ಅಭಿಮನ್ಯು ಮೊದಲ ಬಾರಿಗೆ ಅಂಬಾರಿ ಹೊತ್ತ ಆ ವರ್ಷ ನಾಡೆಲ್ಲ ಪರದೆಯಲ್ಲೇ ದಸರಾ ಕಂಡಿತು. ಪರದೆಯ ಉಪಕಾರ ತಿಳಿದದ್ದು ಅಂದು. ಬೀದಿಯಿಲ್ಲದ ದಸರಾ ಎಷ್ಟು ಬರಿದು ಎಂಬುದು ತಿಳಿದದ್ದೂ ಅಂದೇ.

2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಲೇಖಕಿ ಬಾನು ಮುಷ್ತಾಕ್ ಅವರನ್ನು ಉದ್ಘಾಟನೆಗೆ ಕರೆದಾಗ ಎದ್ದ ವಾದವನ್ನು ನೀವೆಲ್ಲ ಬಲ್ಲಿರಿ. 2017ರಲ್ಲಿ ಕವಿ ನಿಸಾರ್ ಅಹಮದರು ಇದೇ ದಸರಾ ಉದ್ಘಾಟಿಸಿದ್ದರು. ಈ ಸಲ ವಾಹಿನಿಗಳಲ್ಲಿ ದಿನಗಟ್ಟಲೆ ಜಗಳ ನಡೆದು ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಇದು ಸರ್ಕಾರದ ಕಾರ್ಯಕ್ರಮ, ಖಾಸಗಿ ಕಾರ್ಯಕ್ರಮವಲ್ಲ ಎಂಬ ಅಂಶ ಅಲ್ಲಿ ಮುಖ್ಯವಾಗಿ ಅರ್ಜಿಗಳು ವಜಾ ಆದವು. ಸೆಪ್ಟೆಂಬರ್ 22ರಂದು ಅವರೇ ಉದ್ಘಾಟಿಸಿದರು. ಎರಡು ದಸರಾಗಳ ನಡುವಿನ ಗೆರೆ ಜನಕ್ಕೆ ತಿಳಿದಿದ್ದರೆ ಆ ಗಲಾಟೆಯ ಅರ್ಧ ಪಾಲು ಏಳುತ್ತಲೇ ಇರಲಿಲ್ಲ. ಮನೆಯ ಪೂಜೆಗೆ ಯಾರನ್ನು ಕರೆಯಬೇಕೆಂಬುದು ಮನೆಯವರ ಇಷ್ಟ. ನಾಡಹಬ್ಬಕ್ಕೆ ನಾಡಿನವರೆಲ್ಲರೂ ಮನೆಯವರೇ.

ನನ್ನ ವೃತ್ತಿಯವರಿಗೂ ಇದರಲ್ಲಿ ಪಾಲಿದೆ. ‘ಮಹಾರಾಜ’ ಎಂದು ಬರೆಯುವ ಮುನ್ನ ‘ರಾಜವಂಶಸ್ಥ’ ಎಂಬ ಸರಿಯಾದ ಮಾತಿದೆ ಎಂದು ನೆನೆಯುವುದು ಕಷ್ಟವಲ್ಲ. ಖಾಸಗಿ ದರ್ಬಾರಿನ ದೃಶ್ಯ ತೋರಿಸುವಾಗ ಇದು ಕುಟುಂಬದ ಆಚರಣೆ ಎಂದು ಒಂದು ಸಾಲು ಹೇಳುವುದೂ ಕಷ್ಟವಲ್ಲ. ನೋಡುಗರಾಗಿ ನೀವೂ ಒಂದು ಕೆಲಸ ಮಾಡಬಹುದು. ಮುಂದಿನ ವಿಜಯದಶಮಿಗೆ ನೇರ ಪ್ರಸಾರ ನೋಡುವಾಗ ಎಷ್ಟು ಹೊತ್ತು ಅರಮನೆ, ಎಷ್ಟು ಹೊತ್ತು ಬೀದಿ, ಎಷ್ಟು ಹೊತ್ತು ಮಾವುತರು ಎಂದು ಗಡಿಯಾರ ನೋಡಿ ಬರೆದಿಡಿ. ಕೊರತೆ ಕಂಡರೆ ವಾಹಿನಿಗೆ ಒಂದು ಪತ್ರ ಹಾಕಿ.